ಊರ ನಡುವಿನ ಲಾಕ್ ದಾಟಲು ಒಬ್ಬ ನೀರುಗಂಟಿ ಬೇಕು

ನ್ಯಾರೋಬೋಟ್ ಅಂದರೆ ಕಾಲುವೆಯಲ್ಲಿ ಓಡುವ ಉದ್ದನೆಯ, ಕಿರಿದಾದ ದೋಣಿ. ಬಾಡಿಗೆಗೆ ತಂದು ಓಡಿಸಲು ಇಂಗ್ಲೆಂಡಿನಲ್ಲಿ ಲೈಸೆನ್ಸ್ ಬೇಡ. ಗಂಟೆಗೆ ನಾಲ್ಕು ಮೈಲಿಗಿಂತ ಜೋರಾಗಿ ಹೋಗುವ ಹಾಗೂ ಇಲ್ಲ. ದಡದಲ್ಲಿ ನಾಯಿ ಹಿಡಿದು ನಡೆಯುವವರೇ ನಮ್ಮನ್ನು ದಾಟಿ ಮುಂದೆ ಹೋಗುತ್ತಾರೆ. ಚುಕ್ಕಾಣಿ ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಬೆವರಿಳಿಸುವುದು ಲಾಕ್‌ಗಳು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು. ಅದರಲ್ಲೂ ಊರ ನಡುವೆ ಒಂದರ ಹಿಂದೊಂದು ಸಾಲಾಗಿ ಬರುವ ಲಾಕ್‌ಗಳು.

ಕಳೆದ ಬೇಸಿಗೆಯಲ್ಲಿ ನಾವು ಇಳಿದದ್ದು ಬರ್ಮಿಂಗ್‌ಹ್ಯಾಮ್‌ನ ಫಾರ್ಮರ್ಸ್ ಬ್ರಿಜ್ ಲಾಕ್ ಸಾಲನ್ನು. ಕೇಂಬ್ರಿಯನ್ ವಾರ್ಫ್ ಅನ್ನುವ ದೋಣಿಕಟ್ಟೆಯ ಹತ್ತಿರ ಶುರುವಾಗಿ, ಒಂದು ಮೈಲಿಯೊಳಗೆ 13 ಲಾಕ್. ಇಳಿತ ಸುಮಾರು 80 ಅಡಿ. 1790ರ ಸುಮಾರಿಗೆ ಕಲ್ಲಿದ್ದಲು ಸಾಗಿಸುವ ಕಾಲದಲ್ಲಿ ತೆರೆದದ್ದು. ಮುಂದೆ ದೋಣಿಗಳ ಸಾಲು ಎಷ್ಟು ಬೆಳೆಯಿತೆಂದರೆ, ಗ್ಯಾಸ್ ದೀಪ ಹಚ್ಚಿಕೊಂಡು ರಾತ್ರಿಯೂ ಕೆಲಸ ನಡೆಯುತ್ತಿತ್ತು. ಈಗ ಅದರ ತಲೆಯ ಮೇಲೆ ಆಫೀಸು, ರಸ್ತೆ, ಸ್ನೋ ಹಿಲ್ ರೈಲಿನ ಕಮಾನು.

ನಾವು ಐದು ಜನ. ನಾನು, ನಮ್ಮ ಮನೆಯವರು, ಅಕ್ಕ, ಭಾವ, ಅಕ್ಕನ ಹದಿನಾಲ್ಕರ ಮಗ. ಐದು ಜನ ಧಾರಾಳವಾಯಿತು ಅಂದುಕೊಂಡಿದ್ದೆವು. ಜನ ಸಾಕಿತ್ತು ನಿಜ, ಯಾರು ಏನು ಮಾಡಬೇಕು ಅನ್ನುವುದೇ ಗೊತ್ತಿರಲಿಲ್ಲ.

ಮೊದಲು ಲಾಕ್ ಅಂದರೇನು ಅಂತ ತಿಳಿದುಕೊಳ್ಳಿ

ನೀವು ಕೆರೆ ಇರುವ ಊರಿನವರಾದರೆ ಐದು ನಿಮಿಷದ ಪಾಠ. ಲಾಕ್ ಒಂದು ಉದ್ದನೆಯ ತೊಟ್ಟಿ. ಮೇಲಿನ ತುದಿಗೊಂದು ಗೇಟು, ಕೆಳಗಿನ ತುದಿಗೊಂದು ಗೇಟು. ಎರಡೂ ಕಡೆ ತೂಬು. ಇಲ್ಲಿನವರು ಅದನ್ನು ಪ್ಯಾಡಲ್ ಅನ್ನುತ್ತಾರೆ, ಕೆಲಸ ಮಾತ್ರ ನಮ್ಮ ತೂಬಿನದ್ದೇ. ಮೇಲಿನ ತೂಬು ಎತ್ತಿದರೆ ತೊಟ್ಟಿ ತುಂಬುತ್ತದೆ. ಕೆಳಗಿನದನ್ನು ಎತ್ತಿದರೆ ಖಾಲಿಯಾಗುತ್ತದೆ. ದೋಣಿ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. ಮೋಟಾರು, ಕರೆಂಟು ಏನೂ ಇಲ್ಲ.

ಕೆಳಗೆ ಇಳಿಯುವಾಗಿನ ಕ್ರಮ ಇದು. ತೊಟ್ಟಿ ತುಂಬಿರಬೇಕು, ಇಲ್ಲದಿದ್ದರೆ ತುಂಬಿಸಿ. ಮೇಲಿನ ಗೇಟು ತೆರೆಯಿರಿ, ದೋಣಿ ಒಳಗೆ ಬರಲಿ. ಗೇಟು ಮುಚ್ಚಿ, ಮೇಲಿನ ತೂಬು ಪೂರ್ತಿ ಇಳಿದಿದೆಯಾ ನೋಡಿ. ಆಮೇಲೆ ಕೆಳಗಿನ ತೂಬು ಎತ್ತಿ. ಒಳಗಿನ ನೀರು, ಹೊರಗಿನ ನೀರು ಸಮ ಆಗುವ ತನಕ ಗೇಟು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಸಮ ಆದ ಮೇಲೆ ಗೇಟಿನ ಉದ್ದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ, ನಿಧಾನಕ್ಕೆ ಒತ್ತಿದರೆ ತಾನಾಗಿ ಬರುತ್ತದೆ. ದೋಣಿ ಹೊರಗೆ ಹೋದ ಮೇಲೆ ಗೇಟು ಮುಚ್ಚಿ, ತೂಬು ಇಳಿಸಿ. ಇಷ್ಟೇ. ಇದನ್ನೇ 13 ಸಲ.

ಒಂದು ಲಾಕ್‌ಗೆ ಹತ್ತು, ಹದಿನೈದು ನಿಮಿಷ ಹಿಡಿಯಿರಿ. ಪ್ರತಿ ಸಲ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತದೆ. ಈ ಲೆಕ್ಕ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಸಹಾಯ ಎಲ್ಲಿ ಸಿಗುತ್ತದೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ಸೇವಾಸಂಸ್ಥೆ. ಅದಕ್ಕೆ ಸ್ವಯಂಸೇವಕ ಲಾಕ್ ಕೀಪರ್‌ಗಳಿದ್ದಾರೆ. ನೀಲಿ ಅಂಗಿ, ಮೇಲೆ ಲೈಫ್ ಜಾಕೆಟ್, ಕೈಯಲ್ಲಿ ಕಬ್ಬಿಣದ ಹಿಡಿ. ನಮ್ಮೂರ ಕೆರೆಗೆ ನೀರುಗಂಟಿ ಇದ್ದ ಹಾಗೆ ಅಂದುಕೊಳ್ಳಿ. ತೂಬು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಅನ್ನುವುದು ಅವರಿಗೆ ಬಾಯಿಪಾಠ.

ಆದರೆ ಎಲ್ಲ ಲಾಕ್‌ನಲ್ಲೂ ಇವರು ಇರುವುದಿಲ್ಲ. ಇರುವ ಕಡೆಯೂ ಹೆಚ್ಚಾಗಿ ಏಪ್ರಿಲ್‌ನಿಂದ ಅಕ್ಟೋಬರ್, ಅದೂ ಹಗಲು ಹೊತ್ತು. ಹಾಗಾಗಿ ಹೊರಡುವ ಒಂದು ವಾರ ಮೊದಲೇ ಟ್ರಸ್ಟ್‌ಗೆ ಫೋನ್ ಮಾಡಿ ಅಥವಾ ಬರೆಯಿರಿ. ದೋಣಿಯ ಹೆಸರು, ಉದ್ದ, ಯಾವ ದಿನ, ಬೆಳಗ್ಗೆ ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಯಾವ ಕಡೆಗೆ, ದೋಣಿಯಲ್ಲಿ ಎಷ್ಟು ಜನ ಅಂತ ತಿಳಿಸಿ. ಮಂಡಿನೋವು, ಬೆನ್ನುನೋವು ಇದ್ದರೆ ಮುಚ್ಚಿಡಬೇಡಿ. ನಮ್ಮವರಿಗೆ ಇಲ್ಲೇ ಸಂಕೋಚ ಜಾಸ್ತಿ. 'ಸುಮ್ನೆ ಅವರಿಗ್ಯಾಕೆ ತೊಂದರೆ' ಅಂತ ಅಕ್ಕ ಎರಡು ದಿನ ಫೋನ್ ಮುಟ್ಟಲು ಬಿಡಲಿಲ್ಲ. ಅವರು ಬರುವುದೇ ಅದಕ್ಕೆ. ಬರುತ್ತೇವೆ ಅಂತ ಬರೆದುಕೊಡುವುದಿಲ್ಲ, ಅಷ್ಟೇ. ಬಂದರೆ ಲಾಭ, ಬರದಿದ್ದರೆ ನಿಮ್ಮ ಕೈಯೇ ಗತಿ ಅಂತ ತಯಾರಾಗಿರಿ. ರಿಪೇರಿಗೆ ಯಾವ ಲಾಕ್ ಮುಚ್ಚಿದೆ ಅನ್ನುವುದೂ ಟ್ರಸ್ಟ್‌ನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿ.

ಎರಡನೆಯ ಮೂಲ, ಬೇರೆ ದೋಣಿಯವರು. ಸಾಲಿನ ತಲೆಯಲ್ಲಿ ಹಿಂದಿನ ಸಂಜೆಯೇ ದೋಣಿ ಕಟ್ಟಿ, ಪಕ್ಕದವರನ್ನು ಮಾತಾಡಿಸಿ. ನಾಳೆ ಇಳಿಯುವವರು ಒಬ್ಬರಾದರೂ ಇರುತ್ತಾರೆ. ಮ್ಯಾಂಚೆಸ್ಟರ್‌ನಲ್ಲಾದರೆ ಈ ಜೊತೆ ಇನ್ನೂ ಉಪಯೋಗ. ಅಲ್ಲಿ ಊರ ನಡುವೆ ರಾಚ್‌ಡೇಲ್ ಕಾಲುವೆಯ ಒಂಬತ್ತು ಲಾಕ್‌ಗಳಿವೆ, 84ರಿಂದ 92ನೇ ನಂಬರಿನವರೆಗೆ. ಅವು ಅಗಲದ ಲಾಕ್‌ಗಳು, ಎರಡು ನ್ಯಾರೋಬೋಟ್ ಪಕ್ಕಪಕ್ಕ ಹಿಡಿಸುತ್ತವೆ. ಗೇಟು ಭಾರ. ಎರಡು ದೋಣಿ ಸೇರಿ ಹೋದರೆ ನೀರೂ ಅರ್ಧ, ಶ್ರಮವೂ ಅರ್ಧ. ಬರ್ಮಿಂಗ್‌ಹ್ಯಾಮ್‌ನದು ಏಳಡಿ ಅಗಲದ ಲಾಕ್, ದೋಣಿ ಆರಡಿ ಹತ್ತಿಂಚು. ಎರಡೂ ಪಕ್ಕ ಒಂದೊಂದು ಇಂಚು ಉಳಿದರೆ ಪುಣ್ಯ. ಇಲ್ಲಿ ಜೊತೆ ದೋಣಿ ಹಿಂದೆ ಬರಬೇಕು, ಆದರೆ ಅವರ ಜನ ನಿಮ್ಮ ಗೇಟು ಮುಚ್ಚಿ ಕೊಡಬಹುದು.

ಮೂರನೆಯದು, ದುಡ್ಡು ಕೊಟ್ಟು ಒಂದು ದಿನಕ್ಕೆ ಅನುಭವಿ ಚಾಲಕರನ್ನು ಕರೆಸಿಕೊಳ್ಳುವುದು. ದೋಣಿಯಲ್ಲಿ ಇಬ್ಬರೇ ಇದ್ದು, ಇಬ್ಬರಿಗೂ ಹೊಸತು ಅಂದರೆ ಇದೇ ವಾಸಿ. ಬಾಡಿಗೆ ಕೊಟ್ಟವರನ್ನೇ ಕೇಳಿ ನೋಡಿ.

ಕೈಯಲ್ಲಿ ಏನಿರಬೇಕು

ತೂಬು ಎತ್ತುವ ಕಬ್ಬಿಣದ ಹಿಡಿಗೆ ವಿಂಡ್‌ಲಾಸ್ ಅನ್ನುತ್ತಾರೆ. ಎಲ್ ಆಕಾರ, ಒಂದು ತುದಿಯಲ್ಲಿ ಚೌಕದ ತೂತು. ಕಡಿಮೆಯೆಂದರೆ ಮೂರು ಬೇಕು. ಒಂದಂತೂ ನೀರಿಗೆ ಬೀಳುವುದು ಖಾತ್ರಿ. ನಮ್ಮದು ನಾಲ್ಕನೇ ಲಾಕ್‌ನಲ್ಲಿ ಬಿತ್ತು.

ನಗರದ ಹಲವು ಲಾಕ್‌ಗಳಲ್ಲಿ ಪುಂಡರ ಕಾಟಕ್ಕೆ ತೂಬುಗಳಿಗೆ ಬೀಗ ಹಾಕಿರುತ್ತಾರೆ. ಅದರ ಕೀಲಿಗೆ ಬೋಟಿನವರ ಬಾಯಲ್ಲಿ ಹ್ಯಾಂಡ್‌ಕಫ್ ಕೀ ಅಂತ ಹೆಸರು. ದೋಣಿ ಒಪ್ಪಿಸಿಕೊಳ್ಳುವಾಗ ಇದು ಎರಡು ಇದೆಯಾ ಅಂತ ಕೇಳಿ. ಒಂದೇ ಇದ್ದರೆ, ಮುಂದಿನ ಲಾಕ್ ತಯಾರು ಮಾಡಲು ಹೋದವರು ಬೀಗದ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ತೆಳ್ಳನೆಯ ಕೈಗವಸೂ ಬೇಕು. ಕಾಲಿಗೆ ಚಪ್ಪಲಿಯಲ್ಲ, ಜಾರದ ಶೂ.

ಕೆಲಸ ಹಂಚುವುದು

ಬೆಳಗ್ಗೆ ಬೇಗ ಹೊರಡಿ. ಆರೂವರೆಗೆ ಕೇಂಬ್ರಿಯನ್ ವಾರ್ಫ್‌ನಲ್ಲಿ ಓಡುವವರು ಇಬ್ಬರು, ಬಾತುಕೋಳಿ ನಾಲ್ಕು, ನಾವು. ಹನ್ನೊಂದರ ನಂತರ ಜನ ಸೇರುತ್ತಾರೆ. ಲಂಡನ್‌ನ ಕ್ಯಾಮ್‌ಡೆನ್‌ನಲ್ಲಂತೂ ಬಿಸಿಲಿದ್ದರೆ ಗೇಟಿನ ತೊಲೆಯ ಮೇಲೇ ಕೂತು ಊಟ ಮಾಡುತ್ತಿರುತ್ತಾರೆ. 'ಸ್ವಲ್ಪ ಏಳ್ತೀರಾ' ಅಂತ ನಗುತ್ತಾ ಹೇಳಿದರೆ ಏಳುತ್ತಾರೆ.

ಒಬ್ಬರು ಚುಕ್ಕಾಣಿಗೆ. ಇಬ್ಬರು ಈಗಿನ ಲಾಕ್‌ಗೆ. ಒಬ್ಬರು ಮುಂದೆ ನಡೆದು ಮುಂದಿನ ಲಾಕ್ ತುಂಬಿಸಲು. ಈ ಮುಂದೆ ಹೋಗುವ ಕೆಲಸಕ್ಕೆ ಲಾಕ್ ವೀಲಿಂಗ್ ಅಂತ ಹೆಸರು, ಹಿಂದೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರಂತೆ. ಸಮಯ ಉಳಿಸುವುದೂ ಇದೇ, ಎಡವಟ್ಟು ಮಾಡುವುದೂ ಇದೇ.

ನಮ್ಮ ಭಾವ ಮುಂದೆ ಹೋದರು. ಏಳನೇ ಲಾಕ್ ಖಾಲಿಯಿತ್ತು. ಮೇಲಿನ ತೂಬು ಎತ್ತಿದರು. ನೀರು ಜೋರಾಗಿ ಒಳಗೆ ನುಗ್ಗಿತು, ಭಾವನಿಗೆ ಖುಷಿ. ಹತ್ತು ನಿಮಿಷವಾದರೂ ತೊಟ್ಟಿ ತುಂಬುತ್ತಿಲ್ಲ. ನಾನು ಆರನೆಯದರಿಂದ ಹೊರಗೆ ಬಂದಾಗ ದೋಣಿಯ ತಳ ಗರಗರ ಅಂತ ಸದ್ದು ಮಾಡಿ ಕೂತೇಬಿಟ್ಟಿತು. ದಡದ ಇಟ್ಟಿಗೆಯ ಮೇಲೆ ಒದ್ದೆಯ ಗೆರೆ ನೀರಿಗಿಂತ ಒಂದೂವರೆ ಅಡಿ ಮೇಲಿತ್ತು. ಕೆಸರಿನಲ್ಲಿ ಒಂದು ಶಾಪಿಂಗ್ ಟ್ರಾಲಿ ತಲೆ ಎತ್ತಿತ್ತು.

ಆದದ್ದು ಇಷ್ಟೇ. ಹಿಂದಿನ ದಿನ ಯಾರೋ ಕೆಳಗಿನ ತೂಬನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಮೇಲಿಂದ ಬಂದ ನೀರು ಹಾಗೇ ಕೆಳಗೆ ಹರಿದುಹೋಗುತ್ತಿತ್ತು. ಊರ ನಡುವಿನ ಲಾಕ್‌ಗಳ ಮಧ್ಯೆ ಅಂತರ ಕಡಿಮೆ, ನೀರೂ ಕಡಿಮೆ. ಒಂದು ಲಾಕ್‌ಗೆ ಲಕ್ಷ ಲೀಟರ್ ಅಂದೆನಲ್ಲ, ಅದನ್ನು ಕೊಡಬೇಕಾದದ್ದು ಎರಡು ಲಾಕ್ ನಡುವಿನ ಈ ಪುಟ್ಟ ಗುಂಡಿ.

'ಭಾವ, ತೂಬು ಇಳಿಸ್ರೀ!' ಅಂತ ನಾನು. 'ಮೇಲಿಂದೋ ಕೆಳಗಿಂದೋ?' ಅಂತ ಅವರು. 'ಎರಡೂ!' ಅಂತ ಅಕ್ಕ.

ಅಷ್ಟರಲ್ಲಿ ನೀಲಿ ಅಂಗಿಯ ಹಿರಿಯರೊಬ್ಬರು ಬಂದರು. ಬೈಯಲಿಲ್ಲ. ಎಲ್ಲ ತೂಬು ಮುಚ್ಚಿಸಿ, ಮೇಲಿನ ಲಾಕ್‌ಗೆ ಹೋಗಿ ಅಲ್ಲಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟರು. ಇಪ್ಪತ್ತು ನಿಮಿಷಕ್ಕೆ ದೋಣಿ ಎದ್ದು ತೇಲಿತು. ನೀವಾಗಿ ಹೀಗೆ ನೀರು ಬಿಡಲು ಹೋಗಬೇಡಿ. ಮೇಲಿನ ಗುಂಡಿಯೂ ಒಣಗಿದರೆ ಹಿಂದೆ ಬರುವವರ ಕಥೆ ಮುಗಿಯಿತು. ಟ್ರಸ್ಟ್‌ಗೆ ಫೋನ್ ಮಾಡಿ ಕೇಳಿ.

ಅವರು ಭಾವನಿಗೆ ಹೇಳಿಕೊಟ್ಟ ಅಭ್ಯಾಸ ನೀವೂ ಇಟ್ಟುಕೊಳ್ಳಿ. ಯಾವ ತೂಬು ಎತ್ತುವ ಮುಂಚೆಯೂ ಎದುರು ತುದಿಗೆ ಹೋಗಿ, ಅಲ್ಲಿನದನ್ನು ಕೈಯಿಂದ ಮುಟ್ಟಿ ನೋಡಿ ಬರುವುದು. ದೂರದಿಂದ ನೋಡಿದರೆ ಇಳಿದ ಹಾಗೇ ಕಾಣುತ್ತದೆ.

ಸಹಾಯಕ್ಕೆ ಬಂದವರಿಗೆ ಏನು ಹೇಳಬೇಕು

ದಾರಿಹೋಕರು 'ನಾವೂ ಒತ್ತಲಾ?' ಅಂತ ಬರುತ್ತಾರೆ. ಕಾಲುವೆ ದಡದಲ್ಲಿ ಬಾಯಿಬಿಟ್ಟು ನೋಡುತ್ತಾ ನಿಲ್ಲುವವರಿಗೆ ಇಲ್ಲಿ ಗಾಂಗೂಜ್ಲರ್ ಅಂತ ಅಡ್ಡಹೆಸರೇ ಇದೆ. ಇವರಿಗೆ ಗೇಟು ಕೊಡಿ, ವಿಂಡ್‌ಲಾಸ್ ಕೊಡಬೇಡಿ. ತೊಲೆ ಒತ್ತುವುದರಲ್ಲಿ ಅಪಾಯ ಕಡಿಮೆ. ತೂಬು ಹಾಗಲ್ಲ. ಎತ್ತಿದ ತೂಬನ್ನು ತಡೆದು ಹಿಡಿಯುವ ಕೊಕ್ಕೆ ಸರಿಯಾಗಿ ಕೂರದಿದ್ದರೆ ಗರಗರ ಅಂತ ಹಿಂದಕ್ಕೆ ತಿರುಗುತ್ತದೆ. ಆಗ ವಿಂಡ್‌ಲಾಸ್ ಅದರಲ್ಲೇ ಸಿಕ್ಕಿಸಿದ್ದರೆ ಕೈಗೋ ಮುಖಕ್ಕೋ ಬಡಿಯುತ್ತದೆ. ತೂಬು ಎತ್ತಿದ ಕೂಡಲೇ ಅದನ್ನು ತೆಗೆದು ಕೈಯಲ್ಲಿ ಹಿಡಿಯಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಇನ್ನೊಂದು, ಹೊಸಿಲು. ಮೇಲಿನ ಗೇಟಿನ ಕೆಳಗೆ ನೀರಿನೊಳಗೆ ಒಂದು ಗಟ್ಟಿ ಕಟ್ಟೆ ಇರುತ್ತದೆ. ಇಂಗ್ಲಿಷರೂ ಅದನ್ನು ಸಿಲ್, ಅಂದರೆ ಹೊಸಿಲು ಅಂತಲೇ ಕರೆಯುತ್ತಾರೆ. ಎಲ್ಲಿಯ ತನಕ ಇದೆ ಅಂತ ಪಕ್ಕದ ಗೋಡೆಯಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಗಿಂತ ಮುಂದಿರಬೇಕು. ಹಿಂದೆ ಉಳಿದರೆ, ನೀರು ಇಳಿದಂತೆ ಬಾಲ ಹೊಸಿಲ ಮೇಲೆ ಕೂತು, ಮೂತಿ ನೀರಿಗೆ ಮುಳುಗುತ್ತದೆ. ದೋಣಿಗಳು ಹೀಗೇ ಮುಳುಗಿವೆ. ಆಗ ಮಾಡಬೇಕಾದ್ದು ಒಂದೇ: ಕೆಳಗಿನ ತೂಬು ತಕ್ಷಣ ಮುಚ್ಚಿ, ನಿಧಾನಕ್ಕೆ ಮೇಲಿನದನ್ನು ಎತ್ತಿ ನೀರು ತುಂಬಿಸುವುದು.

ಅದಕ್ಕೇ ಚುಕ್ಕಾಣಿ ಹಿಡಿದವರು ಕೈ ಎತ್ತುವ ತನಕ ಯಾರೂ ತೂಬು ಮುಟ್ಟಬಾರದು. ಲಾಕ್‌ನೊಳಗೆ ಎಂಜಿನ್ ಸದ್ದು, ನೀರಿನ ಸದ್ದು, ಕೂಗಿದರೆ ಕೇಳುವುದಿಲ್ಲ. ಒಂದು ಕೈ ಎತ್ತಿದರೆ 'ನೀರು ಬಿಡಿ', ಎರಡು ಕೈ ಅಡ್ಡ ಹಿಡಿದರೆ 'ನಿಲ್ಲಿಸಿ' ಅಂತ ಮೊದಲೇ ಮಾತಾಡಿಕೊಳ್ಳಿ. ಸ್ವಯಂಸೇವಕರು ಬಂದರೂ ಈ ಅಧಿಕಾರ ದೋಣಿಯವರದ್ದೇ. ಅವರೂ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ. ಅವಸರ ಅನ್ನಿಸಿದರೆ 'ಸ್ವಲ್ಪ ನಿಧಾನ' ಅನ್ನಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮೇಲಕ್ಕೆ ಏರುವಾಗ ಈ ಮಾತು ಇನ್ನೂ ಮುಖ್ಯ. ನೀರು ಒಮ್ಮೆಲೇ ಬಿಟ್ಟರೆ ದೋಣಿ ಹಿಂದೆ ಮುಂದೆ ಜೋಲಿ ಹೊಡೆದು ಒಲೆಯ ಮೇಲಿನ ಪಾತ್ರೆ ನೆಲಕ್ಕೆ ಬರುತ್ತದೆ.

ಕೊನೆಗೆ ಚಹಾ

ದುಡ್ಡು ಕೊಡಲು ಹೋಗಬೇಡಿ, ಮುಜುಗರವಾಗುತ್ತದೆ. ಚಹಾ ಬೇಕಾ ಅಂತ ಕೇಳಿ. ಹಾಲು, ಸಕ್ಕರೆ ಬೇರೆಬೇರೆ ಇಡಿ. ಅಕ್ಕ ಡಬ್ಬಿಯಲ್ಲಿ ತಂದಿದ್ದ ಕೋಡುಬಳೆಯನ್ನು ಆ ಹಿರಿಯರು ಮೊದಲು ಅನುಮಾನದಿಂದ ನೋಡಿದರು. ಹತ್ತನೇ ಲಾಕ್ ಹೊತ್ತಿಗೆ ತಾವೇ ಡಬ್ಬಿಗೆ ಕೈ ಹಾಕಿದರು.

ಅವರ ಕಾರು ಮೇಲೆಯೇ ನಿಂತಿರುತ್ತದೆ ಅನ್ನುವುದೂ ನೆನಪಿರಲಿ. ನಿಮ್ಮನ್ನು ಕೆಳಗೆ ಮುಟ್ಟಿಸಿ ಅವರು ಅಷ್ಟೂ ದೂರ ಏರುದಾರಿಯಲ್ಲಿ ವಾಪಸ್ ನಡೆಯಬೇಕು. ಹಾಗಾಗಿ 12ನೇ ಲಾಕ್‌ನಲ್ಲೇ 'ಇನ್ನು ನಾವು ನೋಡಿಕೊಳ್ಳುತ್ತೇವೆ' ಅಂತ ಹೇಳಿ ಬಿಡುವುದು ಒಳ್ಳೆಯದು. ನಾವೂ ಹಾಗೇ ಮಾಡಿದೆವು. 13ನೆಯದನ್ನು ದಾಟಿ, ಕಾಲುವೆಗಳು ಕೂಡುವ ಆಸ್ಟನ್ ಜಂಕ್ಷನ್‌ಗೆ ಬಂದಾಗ ಗಂಟೆ ಹತ್ತೂಮುಕ್ಕಾಲು. ಅಲ್ಲಿಂದ ಮುಂದೆ ಆಸ್ಟನ್ ಸಾಲು, ಇನ್ನೂ 11 ಲಾಕ್. ಭಾವ ವಿಂಡ್‌ಲಾಸ್ ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಹೊರಟಿದ್ದರು.