ಜೆನ್‌ಗೆ 82ರ ಥರ್ಮೋಸ್ಟಾಟ್: ಚಾರ್ಮಾಡಿಯಲ್ಲಿ ಕೊನೆಗೂ ಟಕಟಕ ನಿಂತಿತು

ನನ್ನದು 1998ರ ಮಾರುತಿ ಜೆನ್ ಕಾರು, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾದರಿ. ಮಾವನ ಮನೆ ಉಜಿರೆ ಹತ್ತಿರ. ಬೆಂಗಳೂರಿನಿಂದ ವರ್ಷಕ್ಕೆ ಆರೇಳು ಸಲವಾದರೂ ಹೋಗಿ ಬರುತ್ತೇವೆ. ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಚಾರ್ಮಾಡಿ ಘಾಟಿ ಹತ್ತುವಾಗ ಗೋಳು ಶುರು. ಮುಂದೆ ಒಂದು ಲಾರಿ ಸಿಕ್ಕಿ ಎರಡನೇ ಗೇರಿನಲ್ಲೇ ಎಳೆಯಬೇಕಾದರೆ, ನಾಲ್ಕು ತಿರುವು ದಾಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಟಕಟಕ ಅನ್ನುತ್ತಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದು ಬಂದರೆ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ. ಕಾರ್ಬ್ಯುರೇಟರ್ ಬಿಸಿಯೇರಿ ಕೂತಿರುತ್ತಿತ್ತು. ಬಾನೆಟ್ ತೆಗೆದು ಇನ್ನೊಂದು ಕಾಫಿ.

"ಇದನ್ನು ಕೊಟ್ಟು ಹೊಸತು ತಗೊಳ್ಳಿ ಮಾರಾಯ್ರೆ" ಅಂತ ಮಾವ ಪ್ರತಿ ಸಲವೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ನಮ್ಮ ಏರಿಯಾದ ಮೆಕ್ಯಾನಿಕ್ ಮೊದಲು ಮಾಡಿದ್ದು ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ಹಿಂದೆ ಸರಿಸಿದ್ದು. ಸದ್ದು ಕಡಿಮೆಯಾಯಿತು, ಜೊತೆಗೆ ಎಳೆತವೂ ಸತ್ತುಹೋಯಿತು. ಆಮೇಲೆ ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್‌ನ ಕೋರ್ ಬದಲಾಯಿಸಿದೆವು, 2600 ರೂಪಾಯಿ ಇರಬೇಕು. ಈ ದುಡ್ಡನ್ನು ದಂಡ ಅನ್ನಲಾರೆ. ಹಿಂದಿನ ಓನರ್ ಬೋರ್‌ವೆಲ್ ನೀರನ್ನೇ ಹಾಕಿಕೊಂಡು ಓಡಿಸಿದ್ದ, ಒಳಗೆಲ್ಲ ಸುಣ್ಣ ಕಟ್ಟಿತ್ತು. ನಂತರ ವಾಟರ್ ಪಂಪ್ 1300, ಕ್ಯಾಪ್ ನೂರೈವತ್ತು. ಬಿಸಿ ತೋರಿಸುವ ಮುಳ್ಳು ಸ್ವಲ್ಪ ಕೆಳಗೆ ಬಂತು. ಟಕಟಕ ಮಾತ್ರ ಹೋಗಲಿಲ್ಲ.

ಕೊನೆಗೆ ಮೆಕ್ಯಾನಿಕ್ ಹೇಳಿದ್ದು ನೀವೆಲ್ಲ ಕೇಳಿರುವ ಮಾತೇ. "ಸಾರ್, ಥರ್ಮೋಸ್ಟಾಟ್ ತೆಗೆದು ಬಿಸಾಕಿ. ನಮ್ಮ ಊರಿಗೆ ಅದು ಬೇಕಾಗಿಲ್ಲ." ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಬಿಸಿಯಾಗುವ ತನಕ ಅದನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು. ತೆಗೆಸಿದೆ. ಎರಡು ತಿಂಗಳು ಹಾಗೇ ಓಡಿಸಿದೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆಫೀಸ್ ತಲುಪಿದರೂ ಮುಳ್ಳು ಮೇಲೇಳುತ್ತಿರಲಿಲ್ಲ. ಹದಿನಾರರ ಹತ್ತಿರ ಇದ್ದ ಮೈಲೇಜ್ ಹನ್ನೆರಡೂವರೆಗೆ ಬಂತು. ಒಂದು ದಿನ ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಒಳಗೆ ಮಜ್ಜಿಗೆ ಥರ ಬಿಳಿ ನೊರೆ ಅಂಟಿಕೊಂಡಿದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ) ಹೋಯಿತು ಅಂತ ಎದೆ ಧಸಕ್ ಅಂದಿತು. ಆಗಿರಲಿಲ್ಲ. ಇಂಜಿನ್ ಸರಿಯಾಗಿ ಬಿಸಿಯಾಗದೆ ನೀರಿನ ಪಸೆ ಒಳಗೇ ಉಳಿಯುತ್ತಿತ್ತು, ಅಷ್ಟೇ. ಅವತ್ತೇ ತೀರ್ಮಾನ ಮಾಡಿದೆ. ಥರ್ಮೋಸ್ಟಾಟ್ ಬೇಕೇ ಬೇಕು. ಆದರೆ ಮೊದಲಿದ್ದ 88 ಡಿಗ್ರಿಯದ್ದಲ್ಲ, 82ರದ್ದು.

ಗೆಳೆಯರೆಲ್ಲ ನಕ್ಕರು. ಆರು ಡಿಗ್ರಿಯಲ್ಲಿ ಏನಾಗುತ್ತೆ? ಘಾಟಿಯಲ್ಲಿ ಎರಡೂ ಪೂರ್ತಿ ತೆರೆದುಕೊಂಡೇ ಇರುತ್ತವಲ್ಲ? ನನ್ನ ಲೆಕ್ಕ ಬೇರೆ ಇತ್ತು. 88 ಅನ್ನುವುದು ತೆರೆಯಲು ಶುರುವಾಗುವ ಬಿಸಿ. ಪೂರ್ತಿ ತೆರೆಯುವುದು 100ರ ಹತ್ತಿರ. 82ರದ್ದು 95ಕ್ಕೆಲ್ಲ ಪೂರ್ತಿ ಬಾಯಿ ಬಿಟ್ಟಿರುತ್ತದೆ. ಅಂದರೆ ನೀರು 93ರಲ್ಲಿರುವಾಗ ಹಳೆಯದು ಇನ್ನೂ ಅರೆಗಣ್ಣು ಬಿಟ್ಟುಕೊಂಡು ಕೂತಿರುತ್ತದೆ.

ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯಿಂದ 250 ರೂಪಾಯಿಯಂತೆ ಎರಡು ತಂದೆ. ಎರಡರ ಮೇಲೂ 82 ಅಂತ ಚೆನ್ನಾಗಿ ಒತ್ತಿತ್ತು. ಹಾಕುವ ಮುಂಚೆ ಕುದಿಸಿ ನೋಡೋಣ ಅನ್ನಿಸಿದ್ದು ನನ್ನ ಪುಣ್ಯ. ಹಳೆಯ ಅಲ್ಯೂಮಿನಿಯಂ ಪಾತ್ರೆ, ಗ್ಯಾಸ್ ಒಲೆ, ಗಾಜಿನ ಲ್ಯಾಬ್ ಥರ್ಮಾಮೀಟರ್. ಥರ್ಮೋಸ್ಟಾಟಿನ ಬಾಯಿಯನ್ನು ಬೆರಳಲ್ಲಿ ಒತ್ತಿ, ಸಂದಿಗೆ ಹೊಲಿಗೆ ದಾರ ಸಿಕ್ಕಿಸಿ ಬಿಟ್ಟರೆ ಅದು ದಾರ ಕಚ್ಚಿಕೊಳ್ಳುತ್ತದೆ. ಆ ದಾರದಲ್ಲೇ ನೀರೊಳಗೆ ಇಳಿಬಿಡಬೇಕು, ತಳಕ್ಕೆ ತಾಗಬಾರದು. ಉರಿ ಸಣ್ಣಗಿರಲಿ. ಬಾಯಿ ಬಿಡಲು ಶುರುವಾದ ಕ್ಷಣ ದಾರದಿಂದ ಜಾರಿ ಠಣ್ ಅಂತ ಬೀಳುತ್ತದೆ. ಆಗ ಥರ್ಮಾಮೀಟರ್ ಎಷ್ಟು ತೋರಿಸುತ್ತೆ ನೋಡಿಕೊಂಡರಾಯಿತು.

ಮೊದಲನೆಯದು 76ಕ್ಕೆ ಬಿತ್ತು. ಎರಡನೆಯದು 90 ದಾಟಿದರೂ ಬೀಳಲಿಲ್ಲ. ಥರ್ಮಾಮೀಟರೇ ಕೆಟ್ಟಿದೆಯಾ ಅಂತ ಅನುಮಾನ ಬಂದು ಕುದಿಯುವ ನೀರಲ್ಲಿ ಇಟ್ಟೆ. 97ಕ್ಕೆ ನಿಂತುಬಿಟ್ಟಿತು. ಹಾಗಾದರೆ ಮೂರು ಡಿಗ್ರಿ ಸುಳ್ಳು ಹೇಳುತ್ತಿದೆ ಅಂದುಕೊಂಡು ಎಲ್ಲಾ ಅಳತೆಗೂ ಮೂರು ಕೂಡಿಸಿ ಬರೆದುಕೊಂಡೆ. ಬುದ್ಧಿ ಬಂದಿದ್ದು ಮಾರನೇ ದಿನ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಥರ್ಮಾಮೀಟರ್ ಸರಿಯಾಗೇ ಇತ್ತು. ಆ ಹಾಳೆ ಹರಿದು ಹಾಕಿ ಮತ್ತೆ ಕುದಿಸಿದೆ. ಮುಂದಿನ ಸಲ ಉಜಿರೆಗೆ ಹೋದಾಗ ಥರ್ಮಾಮೀಟರನ್ನೂ ಒಯ್ದೆ. ಅಲ್ಲಿ 99 ದಾಟಿತು. ಅಳಿಯ ಅಡುಗೆಮನೆಯಲ್ಲಿ ಬರೀ ನೀರು ಕುದಿಸುತ್ತಿದ್ದಾನೆ ಅಂತ ಅತ್ತೆಗೆ ಗಾಬರಿ.

ಡುಪ್ಲಿಕೇಟ್ ಎರಡನ್ನೂ ವಾಪಸ್ ಒಯ್ದೆ. "ನೀರಲ್ಲಿ ಹಾಕಿದ್ದೀರಾ, ತಗೊಳ್ಳಲ್ಲ" ಅಂದ ಅಂಗಡಿಯವ. ನೀರಲ್ಲಿ ಹಾಕುವ ಸಾಮಾನು ತಾನೇ ಅದು! ಬೇರೆ ಕಡೆ 520 ಕೊಟ್ಟು ಒಳ್ಳೆಯದೊಂದು ತಂದೆ. ಅದು ಮೂರು ಸಲ ಕುದಿಸಿದರೂ 81, 82, 82ಕ್ಕೇ ಬಿತ್ತು.

ಹಾಕುವ ಕೆಲಸ ಅರ್ಧ ಗಂಟೆಯದ್ದು, ಬೋಲ್ಟ್ ಮುರಿಯದಿದ್ದರೆ. ನನ್ನದು ಮುರಿಯಿತು. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟ್ ವರ್ಷಗಟ್ಟಲೆ ಕೂತರೆ ಇನ್ನೇನಾಗುತ್ತೆ. ಲೇತ್‌ನವನು ಕೊರೆದು ಹೊಸ ಥ್ರೆಡ್ ಹಾಕಿದ, 600. ಥರ್ಮೋಸ್ಟಾಟಿನ ಗಾಳಿ ತೂತಿನಲ್ಲಿ ಅಲುಗಾಡುವ ಸಣ್ಣ ಜಿಗಲ್ ಪಿನ್ ಮೇಲಕ್ಕಿರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ನೀರಿನ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ನನ್ನದೇ ಒಂದು ಉಪಾಯ ಇದೆ, ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಅದು ನನ್ನ ಹತ್ತಿರವೇ ಇರಲಿ.

ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಮೇಲೆ ಪ್ರೋಬ್ ಅಂಟಿಸಿ ಡಿಜಿಟಲ್ ಮೀಟರ್ ಇಟ್ಟುಕೊಂಡೆ. ಹೈವೇಯಲ್ಲಿ ಮುಂಚೆ 90, 91 ಇರುತ್ತಿದ್ದದ್ದು 84ಕ್ಕೆ ಬಂತು. ಖುಷಿಯೋ ಖುಷಿ. ಆಮೇಲೆ ಚಾರ್ಮಾಡಿ. ಲಾರಿ ಹಿಂದೆ ಹತ್ತುತ್ತಾ ಹತ್ತುತ್ತಾ 90, 94, 97, ಕೊನೆಗೆ 98. ಮುಂಚೆ 100 ಇರುತ್ತಿತ್ತು. ಟಕಟಕ ಸ್ವಲ್ಪ ತಡವಾಗಿ ಬಂತು, ಬಂದಿದ್ದಂತೂ ನಿಜ. ನಕ್ಕವರಿಗೆ ಇನ್ನೂ ನಗು.

ತಪ್ಪು ಎಲ್ಲಿತ್ತು ಅಂದರೆ ಫ್ಯಾನಿನಲ್ಲಿ. ಲಾರಿ ಹಿಂದೆ ಹದಿನೈದರ ಸ್ಪೀಡಿನಲ್ಲಿ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಎಲ್ಲಿಂದ ಬರಬೇಕು? ಥರ್ಮೋಸ್ಟಾಟ್ ಬೇಗ ಬಾಯಿ ಬಿಟ್ಟು ಬಿಸಿನೀರು ಕಳಿಸುತ್ತಿತ್ತು. ಫ್ಯಾನ್ ಮಾತ್ರ ಹಳೇ ಲೆಕ್ಕದಲ್ಲೇ 96ರ ತನಕ ಕಾಯುತ್ತಿತ್ತು. ಥರ್ಮೋಸ್ಟಾಟಿನ ಡಿಗ್ರಿ ಇಳಿಸಿದರೆ ಫ್ಯಾನ್ ಸ್ವಿಚ್ಚಿನದ್ದನ್ನೂ ಇಳಿಸಬೇಕು. ಇಷ್ಟು ತಿಳಿಯಲು ನನಗೆ ಎಂಟು ತಿಂಗಳು ಹಿಡಿಯಿತು.

ಮೊದಲು ಹಾಕಿದ ಸ್ವಿಚ್ ಅತಿಯಾಯಿತು. 85ಕ್ಕೆ ಆನ್, 80ಕ್ಕೆ ಆಫ್. 82ರ ಥರ್ಮೋಸ್ಟಾಟ್ ಇರುವ ಇಂಜಿನ್ 80ಕ್ಕೆ ಯಾವಾಗ ಇಳಿಯುತ್ತೆ ಹೇಳಿ. ಒಮ್ಮೆ ಶುರುವಾದ ಫ್ಯಾನ್ ಮನೆ ತಲುಪುವ ತನಕ ನಿಲ್ಲುತ್ತಿರಲಿಲ್ಲ. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ವೈರು ಮುಟ್ಟಿದರೆ ಬೆಚ್ಚಗಿರುತ್ತಿತ್ತು. 350 ರೂಪಾಯಿ ಹೊಳೆಗೆ.

ಎರಡನೆಯದು ಇನ್ನೊಂದು ಗಾಡಿಯದ್ದು. ಥ್ರೆಡ್ ಸರಿಯಾಗಿ ಕೂರುತ್ತೆ, 90ಕ್ಕೆ ಆನ್, 86ರ ಹತ್ತಿರ ಆಫ್. ಯಾವ ಗಾಡಿ ಅಂತ ಇಲ್ಲಿ ಬರೆಯುವುದಿಲ್ಲ. ನಾನೂ ಗುಜರಿಯಲ್ಲಿ ಆರು ಭಾನುವಾರ ಅಲೆದಿದ್ದೇನೆ, ನೀವೂ ಸ್ವಲ್ಪ ಅಲೆಯಿರಿ. ಫ್ಯಾನ್‌ಗೆ ಬೇರೆ ರಿಲೇ ಮತ್ತು ಫ್ಯೂಸ್ ಹಾಕುವುದು ಮಾತ್ರ ಮರೆಯಬೇಡಿ.

ಮುಂದಿನ ಸಲ ಬೇಕಂತಲೇ ಏಪ್ರಿಲ್ ಮಧ್ಯಾಹ್ನ, ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಗೋಣಿ ತೆಂಗಿನಕಾಯಿ. ಅತಿ ಜಾಸ್ತಿ ಅಂದರೆ 94. ಟಕಟಕ ಇಲ್ಲ. ಹೆಂಡತಿ, "ಏನ್ರೀ, ಇವತ್ತು ಸದ್ದೇ ಇಲ್ಲ" ಅಂದಳು. ಕೊಟ್ಟಿಗೆಹಾರದಲ್ಲಿ ದೋಸೆ ತಿಂದು ಬಂದು ಕೀ ತಿರುಗಿಸಿದರೆ ಎರಡೇ ಸುತ್ತಿಗೆ ಸ್ಟಾರ್ಟ್. ಮನೆಗೆ ಬಂದು ಮಾಡಿದ ಮೊದಲ ಕೆಲಸ, ಹಿಂದೆ ಸರಿಸಿದ್ದ ಟೈಮಿಂಗನ್ನು ಎರಡು ಡಿಗ್ರಿಯಷ್ಟು ಮುಂದೆ ತಂದಿದ್ದು. ಹೋಗಿದ್ದ ಎಳೆತ ಬಂತು. ಗೆಲುವು ನಿಜವಾಗಿ ಇದ್ದದ್ದು ಅಲ್ಲೇ ಅನ್ನಿಸುತ್ತೆ.

ಮೈಲೇಜ್ ಏನೂ ಏರಿಲ್ಲ, ಹದಿನಾರರ ಹತ್ತಿರವೇ ಇದೆ. ಚಳಿಗಾಲದ ಬೆಳಗ್ಗೆ ಬಿಸಿಯಾಗಲು ಎರಡು ಮೂರು ನಿಮಿಷ ಜಾಸ್ತಿ ಬೇಕು, ಹೀಟರ್ ಸ್ವಲ್ಪ ಮಂದ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರು ಇದರ ಗೊಡವೆಗೆ ಹೋಗಬೇಡಿ. ನಡುವೆ ಸುಮ್ನೆ ಕುತೂಹಲಕ್ಕೆ 76ಕ್ಕೆ ಬಿದ್ದ ಡುಪ್ಲಿಕೇಟನ್ನೂ ಒಂದು ವಾರ ಹಾಕಿ ನೋಡಿದೆ. ಐಡಲಿಂಗ್ ಒರಟಾಯಿತು, ಪ್ಲಗ್ ಕಪ್ಪಾದವು. ತೆಗೆದೆ.

ಖರ್ಚು ಕೂಡಿದರೆ ಒಟ್ಟು ಏಳೂವರೆ ಸಾವಿರ ದಾಟಿದೆ. ಅದರಲ್ಲಿ ಈ ಕೆಲಸಕ್ಕೆ ನಿಜವಾಗಿ ಬೇಕಾಗಿದ್ದು 520ರ ಥರ್ಮೋಸ್ಟಾಟ್ ಮತ್ತು ಗುಜರಿಯ 150ರ ಸ್ವಿಚ್.

ಮಾವ ಈಗ ಹೊಸ ಗಾಡಿಯ ಮಾತು ಬಿಟ್ಟಿದ್ದಾರೆ. ಅವರ ಓಮ್ನಿಗೂ ಒಂದು 82 ಹಾಕಿಕೊಡಬೇಕಂತೆ. ಇಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮೂತಿಯಲ್ಲಿ, ನಡುವೆ ಅಷ್ಟುದ್ದದ ಪೈಪು. ಅದರ ಗಾಳಿ ತೆಗೆಯುವಾಗ ನನ್ನ ಹತ್ತು ನಿಮಿಷದ ಉಪಾಯ ನಡೆಯುತ್ತೋ ಇಲ್ಲವೋ, ಮುಂದಿನ ತಿಂಗಳು ಗೊತ್ತಾಗುತ್ತೆ. ಥರ್ಮೋಸ್ಟಾಟ್ ತಂದಾಗಿದೆ, ಎರಡು ಸಲ ಕುದಿಸಿಯೂ ಆಗಿದೆ.