ಎಲೆಕ್ಟ್ರಿಕ್ ಭಟ್ಟಿಗೆ ಥರ್ಮೋಕಪಲ್ ಜೋಡಿಸುವುದು ಹೇಗೆ?

ಮನೆಯ ಮಹಡಿಯಲ್ಲೋ ಗ್ಯಾರೇಜಿನಲ್ಲೋ ಸಣ್ಣದೊಂದು ಎಲೆಕ್ಟ್ರಿಕ್ ಭಟ್ಟಿ ಇಟ್ಟುಕೊಂಡು ಕುಂಬಾರಿಕೆ ಮಾಡುವವರನ್ನು ನೋಡುತ್ತಿರುತ್ತೇನೆ. ಇಟ್ಟಿಗೆಗೂ ಭಟ್ಟಿ ಕಾಯಿಸುವ ಕಾಯಿಲ್‌ಗೂ ಧಾರಾಳವಾಗಿ ಖರ್ಚು ಮಾಡುತ್ತಾರೆ. ಬಿಸಿ ನೋಡಿಕೊಂಡು ಕಾಯಿಲ್‌ಗೆ ಕರೆಂಟ್ ಬಿಡುವ ಕಂಟ್ರೋಲರ್ ಜೋಡಿಸುವ ಹೊತ್ತಿಗೆ ಮಾತ್ರ ‘ಎರಡು ವೈರ್ ತಾನೇ’ ಎಂದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಬಾಗಿಲು ತೆಗೆದರೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಕರಗಿ ಹರಿದು ಬಟ್ಟಲುಗಳೆಲ್ಲ ಶೆಲ್ಫಿಗೆ ಅಂಟಿಕೊಂಡಿರುತ್ತವೆ.

ಕಂಟ್ರೋಲರ್‌ಗೆ ಸ್ವಂತ ಕಣ್ಣಿಲ್ಲ, ಸೆನ್ಸರ್ ಹೇಳಿದ್ದೇ ಅದಕ್ಕೆ ವೇದವಾಕ್ಯ. ಆ ಸೆನ್ಸರೇ ಥರ್ಮೋಕಪಲ್: ತುದಿಯಲ್ಲಿ ಬೆಸೆದ, ಬೇರೆ ಬೇರೆ ಲೋಹದ ಎರಡು ತಂತಿ. ಸೆನ್ಸರ್ ಹೆಚ್ಚು ತೋರಿಸಿದರೆ ಮಡಕೆ ಸರಿಯಾಗಿ ಬೇಯದೆ ಉಳಿದೀತು, ಅಷ್ಟೇ. ಕಡಿಮೆ ತೋರಿಸಿದರೆ ಭಟ್ಟಿ ಕಾಯುತ್ತಲೇ ಹೋಗುತ್ತದೆ. ಅಪಾಯ ಇರುವುದು ಅಲ್ಲಿ.

ಹಂತ 1: ಸೆನ್ಸರ್ ಆಯ್ಕೆ. ‘ಕೆ’, ‘ಎಸ್’, ‘ಜೆ’ ಎಂಬ ಟೈಪುಗಳು ತಂತಿ ಯಾವ ಲೋಹದ್ದು ಎಂದು ಹೇಳುತ್ತವೆ. 950–1000 ಡಿಗ್ರಿಯ ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ) ಮಾತ್ರ ಸುಡುವವರಿಗೆ ‘ಕೆ’ ಟೈಪ್ ಸಾಕು. ತಂತಿ 3 ಮಿ.ಮೀ. ಆಸುಪಾಸಿನ ದಪ್ಪದ್ದಿರಲಿ. ಸ್ಟೋನ್‌ವೇರ್‌ (ಹೆಚ್ಚು ಬಿಸಿಯಲ್ಲಿ ಸುಡುವ ಗಟ್ಟಿ ಪಾತ್ರೆ) ಮಾಡಲು 1200 ದಾಟುವವರು ‘ಎಸ್’ ಟೈಪನ್ನೇ ಕೊಳ್ಳಿ. ಅದರಲ್ಲಿ ಪ್ಲಾಟಿನಂ ಇರುವುದರಿಂದ ದುಬಾರಿ, ನಿಜ. ಆದರೆ ಅಷ್ಟು ಬಿಸಿಯಲ್ಲಿ ‘ಕೆ’ ಟೈಪ್ ಮತ್ತೆ ಮತ್ತೆ ಬೆಂದು ದಾರಿ ತಪ್ಪುತ್ತದೆ. ಅಗ್ಗದ ಕಂಟ್ರೋಲರ್ ಜೊತೆ ಪುಕ್ಕಟೆ ಬರುವ, ತುದಿಯಲ್ಲಿ ಬೋಲ್ಟ್ ಇರುವ ಸೆನ್ಸರನ್ನು ಪಕ್ಕಕ್ಕಿಡಿ. ಅದು 400 ಡಿಗ್ರಿಯವರೆಗಿನದು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಕೆ ಟೈಪ್ ಕೊಡಿ’ ಎಂದಷ್ಟೇ ಕೇಳಿದರೆ ಅದನ್ನೇ ಕೊಟ್ಟಾರು. ಎಷ್ಟು ಡಿಗ್ರಿ ತಡೆಯಬೇಕು ಎಂಬುದನ್ನೂ ಸೇರಿಸಿ ಕೇಳಿ.

ಹಂತ 2: ಕೂರಿಸುವುದು. ತುದಿ ಗೋಡೆಯಿಂದ 4–5 ಸೆಂ.ಮೀ. ಒಳಗಿರಲಿ, ಕಾಯಿಲ್‌ಗೂ ಶೆಲ್ಫಿಗೂ ತಾಗದಿರಲಿ, ಹೊರಗೆ ಜಾರದಂತೆ ಸ್ಕ್ರೂ ಬಿಗಿಯಿರಿ. ಜಾರಿದ ಸೆನ್ಸರ್ ಕೋಣೆಯ 30 ಡಿಗ್ರಿ ತೋರಿಸುತ್ತಿದ್ದರೆ ಕಂಟ್ರೋಲರ್ ಪೂರ್ತಿ ಕರೆಂಟ್ ಸುರಿಯುತ್ತದೆ.

ಹಂತ 3: ವೈರ್. ಹೆಚ್ಚಿನವರು ಕೆಡಿಸುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಥರ್ಮೋಕಪಲ್‌ನ ತಲೆಯಿಂದ (ಭಟ್ಟಿಯ ಹೊರಗೆ ವೈರ್ ಕೂಡಿಸುವ ಭಾಗ) ಕಂಟ್ರೋಲರ್‌ವರೆಗೆ ಮನೆಯ ತಾಮ್ರದ ವೈರ್ ಎಳೆಯಬಾರದು. ‘ಕೆ’ ಟೈಪ್‌ಗೆ ‘ಕೆ’ ಟೈಪ್‌ನದೇ ಕಾಂಪೆನ್ಸೇಟಿಂಗ್ ಕೇಬಲ್ (ಸೆನ್ಸರಿನ ತಂತಿಯಂತೆಯೇ ವರ್ತಿಸುವ ವೈರ್) ಬೇಕು, ‘ಎಸ್’ಗೆ ‘ಎಸ್’ನದು. ಥರ್ಮೋಕಪಲ್ ತಿಳಿಸುವುದು ತುದಿಗೂ ತಲೆಗೂ ಇರುವ ಬಿಸಿಯ ವ್ಯತ್ಯಾಸವನ್ನಷ್ಟೇ, ಅದಕ್ಕೆ ಕಂಟ್ರೋಲರ್ ತಾನಿರುವ ಜಾಗದ ಬಿಸಿಯನ್ನು ಕೂಡಿಸಿಕೊಳ್ಳುತ್ತದೆ. ‘ಕೆ’ ಸೆನ್ಸರಿನ ತಲೆ ಭಟ್ಟಿಯ ಪಕ್ಕದಲ್ಲಿ 60 ಡಿಗ್ರಿಗೆ ಕಾದಿದೆ, ಕಂಟ್ರೋಲರ್ 30ರಲ್ಲಿದೆ ಎನ್ನಿ. ತಾಮ್ರದ ವೈರ್ ಹಾಕಿದರೆ ಆ 30 ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ, ಪರದೆ ಅಷ್ಟು ಕಡಿಮೆ ತೋರಿಸುತ್ತದೆ.

ಇನ್ನು ಪ್ಲಸ್ ಮೈನಸ್. ಕೆಂಪು ಎಂದರೆ ಪ್ಲಸ್ ಎಂಬುದು ನಮ್ಮ ಎಲೆಕ್ಟ್ರಿಷಿಯನ್ನರಿಗೆ ರೂಢಿ. ಅಮೆರಿಕನ್ ಪದ್ಧತಿಯ ‘ಕೆ’ ಕೇಬಲ್‌ನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್! ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಎರಡೂ ನಮ್ಮ ಅಂಗಡಿಗಳಲ್ಲಿ ಸಿಗುತ್ತವೆ. ಅನುಮಾನ ಬಂದರೆ ಬಣ್ಣ ಬಿಟ್ಟು ಅಯಸ್ಕಾಂತ ಹಿಡಿಯಿರಿ: ‘ಕೆ’ ಟೈಪ್‌ನ ಮೈನಸ್ ತಂತಿ ಮೆಲ್ಲಗೆ ಅಂಟುತ್ತದೆ, ಪ್ಲಸ್ ಅಂಟುವುದಿಲ್ಲ.

ಒಂದೇ ಕಡೆ ತಿರುವುಮುರುವಾದರೆ ಭಟ್ಟಿ ಕಾದಂತೆ ಅಂಕಿ ಇಳಿಯುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಮೋಸ ಮಾಡುವುದು ಕೇಬಲ್‌ನ ಎರಡೂ ತುದಿ ತಿರುವುಮುರುವಾದಾಗ. ಅಂಕಿ ಸರಾಗ ಏರುತ್ತದೆ, ಆದರೆ ಮೇಲಿನ ಉದಾಹರಣೆಯಲ್ಲಿ 60 ಡಿಗ್ರಿ ಕಡಿಮೆ. 1000 ಎಂದು ನಂಬಿದ್ದು 1060ರ ಆಸುಪಾಸು ಆಗಿರುತ್ತದೆ. ಹಿಡಿಯುವ ಉಪಾಯ ಸುಲಭ. ಭಟ್ಟಿ ತಣ್ಣಗಿರುವಾಗ, ಕಾಯಿಲ್‌ನ ಸಪ್ಲೈ ಆಫ್ ಇಟ್ಟು ಕಂಟ್ರೋಲರ್ ಮಾತ್ರ ಆನ್ ಮಾಡಿ, ಸೆನ್ಸರಿನ ತಲೆಗೆ ಹೇರ್ ಡ್ರೈಯರ್ ಹಿಡಿಯಿರಿ. ವೈರಿಂಗ್ ಸರಿಯಿದ್ದರೆ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಇಳಿದರೆ ತಾಮ್ರದ ವೈರಾದರೂ ಇರಬೇಕು, ಎರಡೂ ಕಡೆ ತಿರುಗಿಯಾದರೂ ಇರಬೇಕು.

ತಲೆಯ ಹತ್ತಿರ ಎರಡು ತಂತಿ ಒಂದಕ್ಕೊಂದು ತಾಗದಂತೆಯೂ ನೋಡಿಕೊಳ್ಳಿ. ತಾಗಿದರೆ ಭಟ್ಟಿಯದಲ್ಲ, ತಾಗಿದ ಜಾಗದ ಬಿಸಿ ತೋರಿಸುತ್ತದೆ. ಸೆನ್ಸರ್ ತುಂಡಾದರೆ ಬಹುತೇಕ ಕಂಟ್ರೋಲರ್‌ಗಳು ತಾವೇ ನಿಲ್ಲುತ್ತವೆ, ಶಾರ್ಟ್ ಆದರೆ ನಿಲ್ಲುವುದಿಲ್ಲ.

ಹಂತ 4: ಸೆಟ್ಟಿಂಗ್. ಇನ್‌ಪುಟ್ ಟೈಪ್ ನೋಡಿ. ‘ಕೆ’ ಸೆನ್ಸರ್ ಹಾಕಿ ‘ಜೆ’ ಎಂದು ಬಿಟ್ಟಿದ್ದರೆ ಭಟ್ಟಿ 1000ರಲ್ಲಿರುವಾಗ ಪರದೆ 730ರ ಆಸುಪಾಸು ತೋರಿಸುತ್ತದೆ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕೆಂಬ ಸೆಟ್ಟಿಂಗ್ ಇದ್ದರೆ, ಯಾರೂ ಇಲ್ಲದಾಗ ತಾನಾಗಿಯೇ ಶುರುವಾಗದಂತೆ ಇಡುವುದೇ ನನಗಿಷ್ಟ.

ಹಂತ 5: ಎರಡನೇ ಕಾವಲು. ಕಾಯಿಲ್‌ನ ಕರೆಂಟನ್ನು ಕಂಟ್ರೋಲರ್‌ನ ಒಳಗಿನ ಪುಟ್ಟ ರಿಲೇ ಮೂಲಕ ಹಾಯಿಸಬೇಡಿ. ನಡುವೆ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಒಂದು ಎಲೆಕ್ಟ್ರಾನಿಕ್ ಸ್ವಿಚ್) ಬೇಕು, ಅದರ ಬಿಸಿ ಹೊರಹಾಕಲು ಹೀಟ್ ಸಿಂಕ್ ಬೇಕು. ‘40 ಆಂಪಿಯರ್’ ಎಂದು ಅಚ್ಚಾದ ಅಗ್ಗದ ಎಸ್‌ಎಸ್‌ಆರ್‌ನ ಮಾತನ್ನು ಅರ್ಧ ಮಾತ್ರ ನಂಬಿ. ಒಳ್ಳೆಯದೂ ಕೆಡುತ್ತದೆ, ಕೆಟ್ಟಾಗ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತದೆ. ಕಂಟ್ರೋಲರ್ ‘ನಿಲ್ಲಿಸು’ ಎಂದರೂ ಕಾಯಿಲ್ ಕೆಂಪಗೇ ಇರುತ್ತದೆ. ಆದ್ದರಿಂದ ಬೇರೆಯದೇ ಸೆನ್ಸರ್ ಇರುವ ಇನ್ನೊಂದು ಲಿಮಿಟ್ ಕಂಟ್ರೋಲರ್ (ಬಿಸಿ ಮಿತಿ ಮೀರಿದರೆ ನಿಲ್ಲಿಸುವಂಥದ್ದು), ಅದರ ಕೈಯಲ್ಲೊಂದು ಕಾಂಟ್ಯಾಕ್ಟರ್ (ಕಾಯಿಲ್‌ನ ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಬೇಕು. ನಿಮ್ಮ ಗರಿಷ್ಠಕ್ಕಿಂತ 30 ಡಿಗ್ರಿ ಮೇಲಕ್ಕೆ ಅದನ್ನು ಸೆಟ್ ಮಾಡಿ. ಒಮ್ಮೆ ಟ್ರಿಪ್ ಆದರೆ ಕೈಯಿಂದ ರೀಸೆಟ್ ಮಾಡುವವರೆಗೂ ಆಫ್ ಆಗಿಯೇ ಇರಬೇಕು. ಇದಕ್ಕೆ ಜಿಪುಣತನ ಮಾಡುವುದಾದರೆ ಭಟ್ಟಿಯನ್ನೇ ಇಟ್ಟುಕೊಳ್ಳಬೇಡಿ. ಬಾಗಿಲು ತೆಗೆದರೆ ಕರೆಂಟ್ ಕಡಿಯುವ ಸ್ವಿಚ್, ಭಟ್ಟಿಯ ಮೈಗೆ ಅರ್ಥಿಂಗ್, ಎಂಸಿಬಿ: ಇವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ಹಂತ 6: ಪರೀಕ್ಷೆ. ತೆಳ್ಳಗಿನ ಲೋಹದ ಕವಚದ ‘ಕೆ’ ಸೆನ್ಸರ್ ಆದರೆ ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಮಂಗಳೂರಿನಲ್ಲಿ 100 ತೋರಿಸಬೇಕು. ಬೆಂಗಳೂರಿನಲ್ಲಿ 97 ತೋರಿಸಿದರೆ ಸೆನ್ಸರನ್ನು ಬೈಯಬೇಡಿ, ಆ ಎತ್ತರದಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಪಿಂಗಾಣಿ ಕವಚದ್ದನ್ನು ನೀರಿಗೆ ಇಳಿಸಬೇಡಿ.

ಮೊದಲ ಸುಡುವಿಕೆಯಲ್ಲಿ ಮಡಕೆ ಬೇಡ. ಮೇಲಿನ, ಕೆಳಗಿನ ಶೆಲ್ಫುಗಳಲ್ಲಿ ಒಂದೊಂದು ಕೋನ್ (ನಿಗದಿತ ಬಿಸಿ ತಲುಪಿದಾಗ ಬಾಗುವ, ಮಣ್ಣಿನಂಥ ಪುಟ್ಟ ಕಡ್ಡಿ) ಇಟ್ಟು, ನೀವು ಹತ್ತಿರವೇ ಕೂತು ಸುಡಿ. ಸ್ಟೋನ್‌ವೇರ್‌ಗೆ ಬಳಸುವ 6ನೇ ನಂಬರಿನ ಕೋನ್ ಬಾಗುವುದು ಏರಿಕೆಯ ವೇಗಕ್ಕೆ ತಕ್ಕಂತೆ ಸುಮಾರು 1220–1240ರಲ್ಲಿ. ಪರದೆ ಒಂದು ಹೇಳಿ ಕೋನ್ ಇನ್ನೊಂದು ಹೇಳಿದರೆ ಕೋನ್ ಮಾತು ಕೇಳಿ. ವ್ಯತ್ಯಾಸವನ್ನು ಭಟ್ಟಿಯ ಪಕ್ಕದ ಗೋಡೆಯ ಮೇಲೆ ತಾರೀಖಿನ ಸಮೇತ ಬರೆದಿಡಿ. ತಿಂಗಳಿಂದ ತಿಂಗಳಿಗೆ ಅದು ಹೆಚ್ಚುತ್ತಿದ್ದರೆ ಸೆನ್ಸರ್ ಬದಲಿಸಿ.