ಧರಣಿಗೆ ಮನವಿ ಪತ್ರ, ಹಲಗೆ, ಹಾಡು

ರಾಯಚೂರಿನಲ್ಲಿ ಬಸ್ಸಿಗಾಗಿ ಧರಣಿ ಕೂರುವ ವಿದ್ಯಾರ್ಥಿಗಳು ಮೊದಲು ಕೂತು ಬರೆಯಬೇಕಾದ್ದು ಮನವಿ ಪತ್ರ. ಒಂದೇ ಪುಟ, ಮೂರೇ ಬೇಡಿಕೆ. ಹತ್ತು ಬರೆದರೆ ಅಧಿಕಾರಿಗಳು ಸುಲಭದ್ದೊಂದಕ್ಕೆ ಹೂಂ ಅಂದು ಕಳಿಸುತ್ತಾರೆ. ‘ಬಸ್ ಬಿಡಿ’ ಸಾಲದು. ಯಾವ ಊರಿಂದ, ಎಷ್ಟು ಗಂಟೆಗೆ, ಪಾಸ್ ಇದ್ದವರು ಎಷ್ಟು ಮಂದಿ ಎಂದು ಬರೆಯಿರಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನು ಎಲ್ಲದಕ್ಕೂ ತುರುಕಬೇಡಿ: ಅದು ಸೀಟು, ನೌಕರಿಯ ಮೀಸಲಾತಿ ಮತ್ತು ಪ್ರದೇಶಾಭಿವೃದ್ಧಿಯ ಮಾತು, ಬಸ್ಸಿನ ವೇಳೆಯದಲ್ಲ.

ಪೊಲೀಸ್ ಠಾಣೆಗೆ ಮುಂಚೆಯೇ ಅರ್ಜಿ ಕೊಡಿ. ಮೈಕಿಗೆ ಬೇರೆ ಅನುಮತಿ ಬೇಕು.

ಇನ್ನು ಹಲಗೆ, ಅಂದರೆ ಹಾಡಿನ ಜೊತೆ ಬಡಿಯುವ ತೊಗಲಿನ ವಾದ್ಯ. ಮಳೆಗಾಲದಲ್ಲಿ ತೊಗಲು ತಂಪು ಹೀರಿ ಸಡಿಲಾಗಿ ದಪ್ ದಪ್ ಅನ್ನುತ್ತದೆ. ಕಾಗದ, ಒಣಹುಲ್ಲಿನ ಉರಿಯಿಂದ ಮೊಳ ದೂರ ಹಿಡಿದು ತಿರುಗಿಸುತ್ತಾ ಕಾಯಿಸಿ. ಬೆರಳು ತಟ್ಟಿದರೆ ಟಣ್ ಅನ್ನಬೇಕು. ಒಂದೇ ಕಡೆ ಹಿಡಿದರೆ ತೊಗಲು ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಉರಿ ಯಾಕೆ, ನಮ್ಮ ಬಿಸಿಲೇ ಸಾಕು! ನುಡಿ ಹಾಡುವಾಗ ಬಡಿತ ತಗ್ಗಿಸಿ, ಪಲ್ಲವಿಗೆ ಏರಿಸಿ. ಇಲ್ಲದಿದ್ದರೆ ದಾರಿಹೋಕರಿಗೆ ಸದ್ದು ಕೇಳುತ್ತದೆ, ಬೇಡಿಕೆ ಕೇಳುವುದಿಲ್ಲ.

ಪತ್ರಿಕೆಗೆ ಸುದ್ದಿಯನ್ನು ಸಂಜೆಯೊಳಗೆ, ಯೂನಿಕೋಡ್‌ನಲ್ಲಿ, ಬ್ಯಾನರಿನ ಅಕ್ಷರ ಓದಲು ಬರುವ ಫೋಟೊ ಜೊತೆ ಕಳಿಸಿ.